ದನಕ್ಕೆಂದು ತಂದ ತೌಡು

ಮೂರು ಮೂಟೆ ತೌಡಿಗೆ ನಾನು ಕೊಟ್ಟದ್ದು ಎರಡೇ ಮೂಟೆಯ ದುಡ್ಡು. ನೀವು ಶಹಬ್ಬಾಸ್ ಅನ್ನುವ ಮೊದಲು ಉಳಿದ ಖರ್ಚನ್ನೂ ಹೇಳಿಬಿಡುತ್ತೇನೆ: ಚಾಮರಾಜನಗರದಿಂದ ನಮ್ಮೂರು ತೆರಕಣಾಂಬಿಗೆ ಗೂಡ್ಸ್ ಆಟೋ ಬಾಡಿಗೆ, ನಾಲ್ಕು ಸೇರು ಕಡಲೆಕಾಯಿ ಬೀಜ, ಎಂಟು ಅಚ್ಚು ಬೆಲ್ಲ, ಇವುಗಳ ಜೊತೆಗೆ ಇಪ್ಪತ್ತು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ ಒಂದು ಒಪ್ಪಂದ. ಇಷ್ಟೂ ಹೋದದ್ದು, ಒಬ್ಬ ಮನುಷ್ಯ ಕೇಳಿದ ಸಣ್ಣ ಪ್ರಶ್ನೆಗೆ ನಾನು ನಿಜ ಹೇಳದೆ ಇದ್ದುದಕ್ಕೆ.

ಮೊದಲು ಒಪ್ಪಂದದ ವಿಷಯ. ಕುದೇರು ಕಡೆ ನಮಗೊಂದಿಷ್ಟು ಗದ್ದೆಯಿದೆ. ಭತ್ತವನ್ನು ನಮ್ಮೂರಿನ ನಂಜಪ್ಪನ ಮಿಲ್ಲಿಗೆ ಹಾಕಿಸುತ್ತೇವೆ. ಸೈಕಲ್ಲಿನ ಹಿಂದೆ ಬಾಳೆಗೊನೆ ಕಟ್ಟಿಕೊಂಡು ವ್ಯಾಪಾರ ಶುರು ಮಾಡಿದವನು ನಾನು. ಕೇಳಿದಷ್ಟು ಕೊಟ್ಟು ಬರುವುದು ನನ್ನ ಜಾಯಮಾನವಲ್ಲ. ನಂಜಪ್ಪನ ಹತ್ತಿರ ಮೊದಲ ದಿನವೇ ಮಾತು ಮುಗಿಸಿದ್ದೆ: ತೌಡು ನಿನಗೆ, ಅಕ್ಕಿ ನನಗೆ, ಕೂಲಿ ಯಾರಿಗೂ ಇಲ್ಲ. ಮೊದಮೊದಲು ನುಚ್ಚನ್ನೂ ಅವನೇ ಇಟ್ಟುಕೊಳ್ಳುತ್ತಿದ್ದ. ಮೂರನೇ ವರ್ಷ ಅದನ್ನೂ ವಾಪಸು ಗಿಟ್ಟಿಸಿದೆ. ಮಿಲ್ಲಿಗೆ ಒಂದು ರೂಪಾಯಿ ಕೊಡದೆ ಅನ್ನ ಉಣ್ಣುವವನು ನಾನೊಬ್ಬನೇ ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ.

ಹೀಗಿರುವಾಗ ನನ್ನ ಹೆಂಡತಿ ಮಹದೇವಮ್ಮನ ಸ್ತ್ರೀಶಕ್ತಿ ಸಂಘಕ್ಕೆ ಒಬ್ಬ ಮೇಡಂ ಬಂದು ತರಬೇತಿ ಕೊಟ್ಟರು. ಅಕ್ಕಿಯ ಸತ್ವವೆಲ್ಲ ತೌಡಿನಲ್ಲಿದೆಯಂತೆ, ನಾವು ಅದನ್ನು ದನಕ್ಕೆ ಹಾಕಿ ಬೆಳ್ಳಗಿರುವುದನ್ನು ತಿನ್ನುತ್ತಿದ್ದೇವಂತೆ. ಇದೇನು ಹೊಸದಲ್ಲ, ನಮ್ಮಜ್ಜಿ ಒರಳಲ್ಲಿ ಅಕ್ಕಿ ಕುಟ್ಟುವಾಗ ತೌಡಿಗೆ ಬೆಲ್ಲ ಕಲಸಿ ನಮ್ಮ ಕೈಗೆ ಇಡುತ್ತಿದ್ದಳು. ಆಗ ಅದಕ್ಕೆ ತರಬೇತಿ ಇರಲಿಲ್ಲ, ಅಷ್ಟೆ. ಸಂಘದವರು ತೌಡು, ಕಡಲೆಕಾಯಿ, ಬೆಲ್ಲ ಸೇರಿಸಿ ಉಂಡೆ ಕಟ್ಟಿದರು. ಚೆನ್ನಾಗಿತ್ತು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಅಂಗಡಿಯವನೊಬ್ಬ, ಸೋಮವಾರ ಬೆಳಿಗ್ಗೆ ರುಚಿ ತೋರಿಸಿ, ಒಪ್ಪಿಗೆಯಾದರೆ ಅಂಗಡಿ ಗೋಡೆಯ ಒಂದು ಗೂಡು ನಿಮ್ಮ ಉಂಡೆಗೇ ಬಿಡುತ್ತೇನೆ, ಇಲ್ಲವಾದರೆ ಹಪ್ಪಳದವರು ಕಾಯುತ್ತಿದ್ದಾರೆ ಎಂದ. ಹನ್ನೆರಡು ಹೆಂಗಸರು ಆ ಗೂಡಿನ ಮೇಲೆ ಕಣ್ಣಿಟ್ಟು ಕೂತರು. ನನಗೆ ಒಪ್ಪಿಸಿದ್ದು ಒಂದೇ ಕೆಲಸ.

"ನಂಜಪ್ಪನ್ ಮಿಲ್ಲಲ್ಲಿ ನಮ್ ಭತ್ತ ಆಕ್ಸಿ, ಬಿಸೀದೇ ತೌಡು ತನ್ನಿ. ಬಿದ್ದೇಟ್ಗೆ ಬಾಂಡ್ಲೀಲಿ ಉರೀಬೇಕಂತೆ, ಇಲ್ದಿದ್ರೆ ಕಮಟಾಯ್ತದಂತೆ" ಎಂದಳು ಮಹದೇವಮ್ಮ.

ತೌಡು ಕೇಳಿದರೆ ನಂಜಪ್ಪ ಕೂಲಿ ಕೇಳುತ್ತಾನೆ. ಒಮ್ಮೆ ಕೊಟ್ಟರೆ ಒಪ್ಪಂದ ಮುರಿದಂತೆ. ಆದ್ದರಿಂದ ಶನಿವಾರ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ಅಲ್ಲೊಬ್ಬ ಬೂಸಾ ವ್ಯಾಪಾರಿ ಪಾಪ, ನೇರವಾಗಿ ಕೇಳಿದ: "ದನಕ್ಕಾ, ಜನಕ್ಕಾ ಅಣ್ಣ?"

ಜನಕ್ಕೆ ಅಂದರೆ ಬೆಲೆ ಏರುತ್ತದೆ ಎಂದು ಯಾರಿಗೆ ಗೊತ್ತಿಲ್ಲ? "ದನಕ್ಕೇ ಕಣಪ್ಪ" ಎಂದೆ. ಮನೆಯಲ್ಲಿ ನಾಲ್ಕು ಹಸು ಇವೆ ಎಂದೂ ಸೇರಿಸಿದೆ. ಇರುವುದು ಒಂದು. ಅವನು ಒಳಗೆ ಹೋಗಿ, ಹಿಂದಿನ ಸಾಲಿನಲ್ಲಿದ್ದ ಹಳೇ ಮೂಟೆ ತೋರಿಸಿದ. ಎರಡರ ಬೆಲೆಗೆ ಮೂರು ಎತ್ತಿಸಿಕೊಂಡು ಆಟೋದ ಮುಂದಿನ ಸೀಟಿನಲ್ಲಿ ಕೂತು ಬಂದೆ.

ಭಾನುವಾರ ಬೆಳಿಗ್ಗೆ ಹುರಿದರು, ಉಂಡೆ ಕಟ್ಟಿದರು. ಮಹದೇವಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದಳು. "ಇದ್ಯಾಕೆ ಬೋಂಡದ ಬಾಂಡ್ಲಿ ತೊಳ್ದ ನೀರ್ ನಾತ ಒಡೀತದೆ?"

"ಆರೋಗ್ಯದ ವಾಸನೆ ಅದು" ಎಂದೆ.

"ಅಂಗಾದ್ರೆ ನೀವ್ ಒಂದ್ ತಿನ್ನಿ."

ತಿಂದೆ. ನಾಲಿಗೆಯಿಂದ ಗಂಟಲವರೆಗೂ ಕಹಿ. ಹನ್ನೆರಡು ಹೆಂಗಸರ ಎದುರು ಉಗುಳಲಾಗದೆ ನುಂಗಿದೆ. ಪಕ್ಕದ ಮನೆಯ ಶಿವಮ್ಮಕ್ಕ, "ಏನಂತ ಯೋಳಿ ತಂದ್ಯಪ್ಪ?" ಎಂದು ಕೇಳಿದರು. ದನಕ್ಕೆ ಅಂತ ಎಂದು ಹೇಳಿಬಿಟ್ಟೆ. ಯಾರೂ ಬೈಯಲಿಲ್ಲ. ಶಿವಮ್ಮಕ್ಕ ಮಾತ್ರ, "ಓಗ್ಲಿ ಬುಡು, ನಮ್ನೂ ದನ ಅನ್ಕಂಡವ್ನೆ" ಎಂದು ಸೆರಗು ಕೊಡವಿಕೊಂಡು ಎದ್ದರು. ಬೈದಿದ್ದರೇ ವಾಸಿಯಿತ್ತು.

ಅಂದು ಸಂಜೆಯೇ ಒಂದು ಮೂಟೆ ಭತ್ತವನ್ನು ಸ್ಕೂಟರಿನಲ್ಲಿಟ್ಟುಕೊಂಡು ಮಿಲ್ಲಿಗೆ ಹೋದಾಗ ನಂಜಪ್ಪ ಬಾಗಿಲು ಎಳೆಯುತ್ತಿದ್ದ. "ತೌಡು ನನಗೆ ಬೇಕು ಕಣ್ಲಾ. ಕೂಲಿ ಕೊಡ್ತೀನಿ" ಎಂದೆ.

ಅವನು ಕೈಬಿಟ್ಟ ಬಾಗಿಲು ತಾನಾಗಿ ಹಿಂದಕ್ಕೆ ಸರಿಯಿತು. "ಮೈ ಉಸಾರಾಗಿದ್ದೀಯಾ ಅಣ್ಣೋ?"

"ಎಷ್ಟು ಹೇಳು."

ಹೇಳಿದ. ನಾನು ಕೊಟ್ಟೆ. ಚೌಕಾಸಿ ಮಾಡದ್ದನ್ನು ನೋಡಿ ಅವನಿಗೆ ನಿಜವಾಗಿಯೂ ಗಾಬರಿಯಾಗಿ, ಕೂರಲು ಸ್ಟೂಲು ತಂದ. ನನ್ನ ಹಿಂದೆಯೇ ಬಂದ ಹೆಂಗಸರು ಮಿಲ್ಲಿನ ಅಂಗಳದಲ್ಲೇ ಒಲೆ ಹೂಡಿದರು. ತೌಡು ಬೀಳುತ್ತಿದ್ದಂತೆ ಜರಡಿ, ಜರಡಿಯಿಂದ ಬಾಂಡ್ಲಿ. ಘಮಘಮ ಅಂತ ಎದ್ದ ವಾಸನೆ ಅಜ್ಜಿಯ ಒರಳಿನದೇ. ನಂಜಪ್ಪ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಮುಂದ್ಕೂ ಇಂಗೇ ತಾನೆ, ಕೂಲಿ?" ಎಂದ. ಇಪ್ಪತ್ತು ವರ್ಷದ ಒಪ್ಪಂದ ಅಲ್ಲಿಗೆ ಮುಗಿಯಿತು.

ಸೋಮವಾರ ಅಂಗಡಿಯವನು ಒಂದು ಉಂಡೆ ತಿಂದ, ಇನ್ನೊಂದಕ್ಕೆ ಕೈ ಹಾಕಿದ, ಆಮೇಲೆ ದರ ಕೇಳಿ ಮುಖ ಗಂಟು ಹಾಕಿಕೊಂಡ. ಆ ಗಂಟು ನನಗೆ ಚೆನ್ನಾಗಿ ಗೊತ್ತು. ನಾನೇ ಎಷ್ಟೋ ಸಲ ಹಾಕಿದ್ದೇನೆ. "ತೌಡು ತಾನೇ ಅಮ್ಮ, ದನಕ್ ಆಕದು. ಇಷ್ಟೊಂದ್ ರೇಟಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಹದೇವಮ್ಮ ಹೇಳಿದಳು: "ದನಕ್ಕಾದ್ರೆ ನಮ್ಮನೇಲಿ ಬೇರೆ ಅದೆ, ಕಮ್ಮಿಗೆ ಸಿಕ್ತದೆ, ಇವ್ರತ್ರ ಮಾತಾಡ್ಕಳಿ. ಇದು ಜನಕ್ಕೆ." ಅವನು ನನ್ನನ್ನು ನೋಡಿದ. ನಾನು ರಸ್ತೆ ನೋಡಿದೆ. ಗೂಡು ಸಿಕ್ಕಿತು, ಅವಳು ಹೇಳಿದ ದರಕ್ಕೇ.

ಆದ್ದರಿಂದ ನನ್ನ ಸಲಹೆ ಕೇಳಿ. ತೌಡನ್ನು ಮಿಲ್ಲಿನ ಬಾಯಿಂದಲೇ ಹಿಡಿಯಿರಿ, ಸಣ್ಣ ಜರಡಿಯಲ್ಲಿ ಸೋಸಿ, ಆಗಲೇ ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿಯಿರಿ, ಆರಿದ ಮೇಲೆ ಡಬ್ಬಿಗೆ ಹಾಕಿ. ರೊಟ್ಟಿ ಹಿಟ್ಟಿಗೆ ಒಂದು ಹಿಡಿ ಸಾಕು. ಕೊಳ್ಳುವುದೇ ಆದರೆ ಕಡಿಮೆ ಕೊಳ್ಳಿ, ದುಡ್ಡು ಕೊಡುವ ಮೊದಲು ನಾಲಿಗೆಗೆ ಇಟ್ಟು ನೋಡಿ. ಯಾತಕ್ಕೆ ಎಂದು ಕೇಳಿದರೆ ನಿಜ ಹೇಳಿ. ನಮ್ಮ ಮನೆಯಲ್ಲಿ ಎರಡೂವರೆ ಮೂಟೆ ಹಾಗೇ ಉಳಿದಿದೆ. ಹಸು ಒಮ್ಮೆ ಮೂಸಿ ಹುಲ್ಲಿನ ಕಡೆಗೆ ತಿರುಗಿಕೊಂಡಿತು. ತಿಪ್ಪೆಗೆ ಒಳ್ಳೆಯ ಗೊಬ್ಬರವಾಗುತ್ತದೆ. ಬೇಕಾದವರು ಬನ್ನಿ, ಎರಡು ಮೂಟೆ ಕೊಂಡರೆ ಅರ್ಧ ಪುಕ್ಕಟೆ.