ವಾರಕ್ಕೊಂದೇ ಕರಡಿ

ಜನರನ್ನು ಕಾಯಿಸುವುದರಲ್ಲಿ ಪಳಗಿದವನಿಗೆ ತಾನು ಕಾಯುವುದೂ ಬರುತ್ತದೆ ಎಂದು ಯಾರಾದರೂ ತಿಳಿದಿದ್ದರೆ, ಅವರು ನನ್ನನ್ನು ನೋಡಿಲ್ಲ ಎಂದೇ ಅರ್ಥ. ಟಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಮಾಸ್ತನಾಗಿರುವ ನಾನು ಎಷ್ಟು ಜನರಿಗೆ "ಮುಂದಿನ ವಾರ ಬನ್ನಿ" ಎಂದಿದ್ದೇನೋ ಲೆಕ್ಕವಿಲ್ಲ. ಆ ಮಾತನ್ನು ಎಷ್ಟು ಮೃದುವಾಗಿ ಹೇಳುತ್ತೇನೆಂದರೆ ಕೆಲವರು ಕೈಮುಗಿದು ಹೋಗುತ್ತಾರೆ. ಆದರೆ ಮನೆಯಲ್ಲಿ ನಾನು ಬೇರೆಯೇ ಮನುಷ್ಯ. ಕಾದಂಬರಿ ಕೈಗೆ ಸಿಕ್ಕರೆ ಮೊದಲು ಕೊನೆಯ ಪುಟ ಓದುತ್ತೇನೆ. ಮೊಸರು ಹೆಪ್ಪುಗಟ್ಟಿತೇ ಎಂದು ಗಂಟೆಗೊಮ್ಮೆ ಪಾತ್ರೆ ಅಲ್ಲಾಡಿಸಿ ನೋಡಿ, ಅದು ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತೇನೆ. ಇಂಥ ನಾನು ಹೋದ ವರ್ಷ ಒಂದು ಜಪಾನಿ ಕರಡಿಗಾಗಿ ಹನ್ನೆರಡು ಶನಿವಾರ ಕಾದೆ. ಅದೂ ಕೃತಜ್ಞತೆಯಿಂದ.

ಇದನ್ನು ಹೇಳಬೇಕಾದರೆ ಮೊದಲು ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ಹೇಳಬೇಕು. ನನಗೆ ಹಾಸ್ಯಪ್ರಜ್ಞೆ ಇದೆ ಎಂಬುದು ನನ್ನ ಬಹಳ ಹಳೆಯ ನಂಬಿಕೆ. ಮದುವೆಮನೆಗಳಲ್ಲಿ ಎರಡನೇ ಪಂಕ್ತಿಗೆ ಕಾದು ಕುಳಿತ ನೆಂಟರನ್ನು ನಗಿಸುವ ಜವಾಬ್ದಾರಿಯನ್ನು ಯಾರೂ ಕೊಡದಿದ್ದರೂ ನಾನೇ ವಹಿಸಿಕೊಳ್ಳುತ್ತೇನೆ. ಹಾಗೆ ಕಳಲೆಯಲ್ಲಿ ನಡೆದ ಒಂದು ಮದುವೆಯಲ್ಲಿ, ಹೇಳಲು ಬೇರೇನೂ ತೋಚದೆ, ಬಿಎಸ್ಸಿ ಓದುತ್ತಿದ್ದ ನನ್ನ ಮಗಳು ಚಂದನಾ ಕೆಮಿಸ್ಟ್ರಿಯಲ್ಲಿ ಫೇಲಾದ ಸುದ್ದಿಯನ್ನು ಒಂದಿಷ್ಟು ಅಭಿನಯ ಸೇರಿಸಿ ಹೇಳಿಬಿಟ್ಟೆ. ಎಲ್ಲರೂ ನಕ್ಕರು. ನನ್ನ ವೃತ್ತಿಜೀವನದಲ್ಲಿ ಅಷ್ಟು ದೊಡ್ಡ ನಗು ನನಗೆ ಸಿಕ್ಕಿರಲಿಲ್ಲ. ತಿರುಗಿ ನೋಡಿದರೆ ಹಿಂದೆ ಚಂದನಾ ನೀರಿನ ಲೋಟ ಹಿಡಿದು ನಿಂತಿದ್ದಳು. ಲೋಟವನ್ನು ನನ್ನ ಪಕ್ಕದಲ್ಲಿಟ್ಟು ಹೊರಟುಹೋದಳು.

ಅವಳು ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಜಗಳವಾಡಲಿಲ್ಲ. ಕೇಳಿದ್ದಕ್ಕೆ "ಹೂಂ" ಅಥವಾ "ಇಲ್ಲ" ಎನ್ನುತ್ತಿದ್ದಳು, ಅಷ್ಟೇ. ಮೂರು ತಿಂಗಳು ನಾನು ಈ ಎರಡು ಶಬ್ದಗಳ ಮೇಲೆ ಬದುಕಿದೆ. ನನ್ನ ಹೆಂಡತಿ ಸುಧಾ ನಡುವೆ ನಿಂತು ಅವಳ ಮಾತನ್ನು ನನಗೂ ನನ್ನ ಮಾತನ್ನು ಅವಳಿಗೂ ಮುಟ್ಟಿಸುತ್ತಿದ್ದಳು. ಅಷ್ಟರಲ್ಲಿ ತಲಕಾಡಿನಲ್ಲಿರುವ ನಮ್ಮತ್ತೆಯ ಮಂಡಿಗೆ ಆಪರೇಷನ್ ಆಗಿ, ಸುಧಾ ಆರೈಕೆಗೆಂದು ಅಲ್ಲಿಗೆ ಹೊರಟಳು. ಬಸ್ಸು ಹತ್ತುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು: "ನಾನಿಲ್ದೇ ಇದ್ದಾಗ್ಲಾದ್ರೂ ಅವಳನ್ನ ಮಾತಾಡಿಸ್ರೀ. ತಮಾಷೆ ಮಾತ್ರ ಮಾಡ್ಬೇಡಿ."

ಹೀಗೆ ನಂಜನಗೂಡಿನ ನಮ್ಮ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಮೊದಲ ಶನಿವಾರ ಸಂಜೆ ನಾನು ಕಚೇರಿಯಿಂದ ಬಂದಾಗ ಚಂದನಾ ಹಾಲಿನಲ್ಲಿ ಟಿವಿ ನೋಡುತ್ತಿದ್ದಳು. ರೂಮಿನ ಫ್ಯಾನು ಕೆಟ್ಟಿದ್ದರಿಂದ ನಾನೂ ಹಾಲಿಗೇ ಬಂದು, ಸೋಫಾದ ಇನ್ನೊಂದು ತುದಿಯಲ್ಲಿ ಯಾರಿಗೂ ಕಾಣದ ಹಾಗೆ ಕುಳಿತೆ. ಪರದೆಯ ಮೇಲೆ ಜಪಾನಿನ ಕಾರ್ಟೂನು. ಕಾರ್ಟೂನು ಅನ್ನಬಾರದು, ಅನಿಮೆ ಅನ್ನಬೇಕು ಎಂದು ಆಮೇಲೆ ಕಲಿತೆ. ಹಿಮ ಬೀಳುವ ಒಂದು ಊರು. ಅಲ್ಲಿ ಸೂಪು ಮಾಡಿ ಮಾರುವ ಒಬ್ಬ ಹುಡುಗಿ. ಅವಳ ಅಂಗಡಿಗೆ ದಿನಾ ಒಂದು ಕರಡಿ ಬಂದು, ಬೆಂಚಿನ ಮೇಲೆ ಕುಳಿತು, ಮರ್ಯಾದೆಯಿಂದ ಸೂಪು ಕುಡಿದು ಹೋಗುತ್ತದೆ. ಕರಡಿ ನೀಲಿ ಸ್ವೆಟರ್ ಹಾಕಿಕೊಂಡಿತ್ತು. ನಾನು ಹದಿನೈದು ನಿಮಿಷ ತಡೆದುಕೊಂಡೆ. ಆಮೇಲೆ ಆಗಲಿಲ್ಲ. ಮೈಮೇಲೆ ಅಷ್ಟೊಂದು ಕೂದಲಿರುವ ಪ್ರಾಣಿಗೆ ಸ್ವೆಟರ್ ಯಾಕೆ ಎಂದು ಕೇಳಿದೆ. ಇದು ತಮಾಷೆಯಲ್ಲ, ನಿಜವಾದ ಸಂಶಯ.

ಚಂದನಾ ಪರದೆಯಿಂದ ಕಣ್ಣು ತೆಗೆಯದೆ, ಅದು ನಿಜವಾದ ಕರಡಿಯಲ್ಲ, ಶಾಪದಿಂದ ಹಾಗಾಗಿರುವ ಒಬ್ಬ ಸೇನಾಪತಿ, ಮನುಷ್ಯನಾಗಿದ್ದುದರ ಗುರುತಿಗೆ ಅವನ ಹತ್ತಿರ ಉಳಿದಿರುವುದು ಆ ಸ್ವೆಟರ್ ಒಂದೇ ಎಂದಳು. ಮೂರು ತಿಂಗಳ ನಂತರ ನನಗೆ ಸಿಕ್ಕಿದ ಮೊದಲ ಪೂರ್ತಿ ವಾಕ್ಯ ಅದು. ಶಾಪ ಎಂದ ಕೂಡಲೇ ನನಗೆ ಧೈರ್ಯ ಬಂತು. ಶಾಪ, ವಿಶಾಪ, ಪ್ರಾಣಿಯಾದ ರಾಜ ಇವೆಲ್ಲ ನಮ್ಮ ಕಡೆಯವರಿಗೆ ಹೊಸದಲ್ಲ. ಶಾಪ ಕೊಟ್ಟವರು ಯಾರು ಎಂದು ಕೇಳುವಷ್ಟರಲ್ಲಿ ಎಪಿಸೋಡು ಮುಗಿದು ಹೆಸರುಗಳು ಓಡತೊಡಗಿದವು. ಮುಂದಿನದನ್ನು ಹಾಕು ಎಂದೆ.

"ಇಲ್ಲ ಅಪ್ಪ. ಇದು ವಾರಕ್ಕೊಂದೇ ಬರೋದು. ಬರೋ ಶನಿವಾರ ಏಳು ಗಂಟೆಗೆ."

ವಾರಕ್ಕೊಂದು ಎಂಬ ಪದ್ಧತಿ ನನಗೆ ಹೊಸದೇನಲ್ಲ. ನಾನು ಬೆಳೆದದ್ದು ತಗಡೂರಿನಲ್ಲಿ. ನಮ್ಮ ದೊಡ್ಡಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ವಾರಪತ್ರಿಕೆಯ ಧಾರಾವಾಹಿ ಬಿಡುತ್ತಿರಲಿಲ್ಲ. ಮೇಷ್ಟ್ರ ಹೆಂಡತಿ ಜಗಲಿಯಲ್ಲಿ ಕುಳಿತು ಓದಿ ಹೇಳುತ್ತಿದ್ದರು. ಉಳಿದ ಆರು ದಿನ ದೊಡ್ಡಮ್ಮ ಮತ್ತು ಜೊತೆಯವರು ಕಳೆ ಕೀಳುತ್ತಾ ಕತೆಯನ್ನು ತಾವೇ ಮುಂದುವರಿಸುತ್ತಿದ್ದರು. ನಾಯಕಿಯ ಗಂಡ ಬದುಕಿದ್ದಾನೆ ಎಂದು ಒಂದು ಸಾಲಿನವರು, ಇಲ್ಲ ಎಂದು ಇನ್ನೊಂದು ಸಾಲಿನವರು. ಕೊನೆಗೆ ಲೇಖಕರು ಬರೆದದ್ದು ಇವರ ಕತೆಗಿಂತ ಸಪ್ಪೆಯಾಗಿದ್ದರೆ, ಪಾಪ ಅವರಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ದೊಡ್ಡಮ್ಮ ಕ್ಷಮಿಸಿಬಿಡುತ್ತಿದ್ದರು.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಸೋಮವಾರ ಬಸ್ಸಿನಲ್ಲಿ ಕುಳಿತು, ಶಾಪ ಕೊಟ್ಟಿದ್ದು ಸೂಪು ಹುಡುಗಿಯ ಅಜ್ಜಿಯೇ ಇರಬಹುದೇ ಎಂದು ಚಂದನಾಗೆ ಮೆಸೇಜು ಕಳಿಸಿದೆ. ನರಸೀಪುರ ತಲುಪುವ ಹೊತ್ತಿಗೆ ಉತ್ತರ ಬಂತು: ಅಜ್ಜಿ ಅಲ್ಲ, ಅಜ್ಜಿ ಒಳ್ಳೆಯವಳು. ಬುಧವಾರ ಅವಳೇ ಒಂದು ಊಹೆ ಕಳಿಸಿದಳು. ಗುರುವಾರ ಅದನ್ನು ಊಟದ ಜೊತೆ ಚರ್ಚಿಸಿದೆವು. ಐದನೆಯ ವಾರದ ಹೊತ್ತಿಗೆ ಸೋಫಾದ ಮೇಲೆ ನಮ್ಮ ನಡುವೆ ಒಂದು ಚುರುಮುರಿ ಬಟ್ಟಲಿಡುವಷ್ಟು ಮಾತ್ರ ಜಾಗ ಉಳಿದಿತ್ತು. ಒಂದು ಮಧ್ಯಾಹ್ನ ನಾನು ಕಡತದಲ್ಲಿ ಮುಳುಗಿದ್ದಾಗ ಬಂದ ಮೆಸೇಜು ನನಗೆ ಬಾಯಿಪಾಠವಾಗಿದೆ: "ಕರಡಿಗೆ ತಂಗಿ ಇರಬೇಕು. ಕೆಮಿಸ್ಟ್ರಿ ಪಾಸು." ಎರಡು ವಾಕ್ಯಗಳಲ್ಲಿ ಯಾವುದಕ್ಕೆ ಮೊದಲು ಉತ್ತರಿಸಬೇಕೆಂದು ತಿಳಿಯದೆ ಬಹಳ ಹೊತ್ತು ಮೊಬೈಲು ಹಿಡಿದು ಕುಳಿತೆ. ಎದುರಿಗಿದ್ದ ರೈತರೊಬ್ಬರ ಅರ್ಜಿಯನ್ನು ಆ ಸಂತೋಷದಲ್ಲಿ ಅವತ್ತೇ ಮುಗಿಸಿಕೊಟ್ಟೆ. ಅವರು ಗಾಬರಿಯಾದರು.

ನಮ್ಮ ಕಚೇರಿಯ ಜೀಪ್ ಡ್ರೈವರ್ ಮಾದಪ್ಪನಿಗೆ ಮಾತ್ರ ಈ ವಾರದ ಪದ್ಧತಿ ಹಿಡಿಸುತ್ತಿರಲಿಲ್ಲ. ಸಾಹೇಬರು ಮೀಟಿಂಗಿಗೆ ಹೋದರೆ ಅವನಿಗೆ ಜೀಪಿನಲ್ಲಿ ಕಾಯುವುದೇ ಕೆಲಸ. ಒಂದು ಮೀಟಿಂಗಿಗೆ ಒಂದು ಇಡೀ ಸರಣಿ ಮುಗಿಸುವುದು ಅವನ ವಾಡಿಕೆ. ಒಟ್ಟಿಗೇ ಬಿಡುಗಡೆಯಾಗುವ ಸರಣಿಗಳನ್ನು ಬಿಟ್ಟು ಬೇರೇನನ್ನೂ ಅವನು ಮುಟ್ಟುವುದಿಲ್ಲ. "ಬಾಳೆಗೊನೆ ಬಲಿತ್ರೆ ಗೊನೆನೇ ಇಳುಸ್ಬೇಕು ಸಾ. ವಾರಕ್ಕೊಂದ್ ಅಣ್ಣು ಕಿತ್ಕೊಟ್ರೆ ಬಾಯ್ಗೆ ಅತ್ತದಾ?" ಎಂದು ಅವನು ಕೇಳಿದಾಗ ನಂಜನಗೂಡಿನವನಾದ ನನಗೆ ಬಾಳೆಯ ವಿಷಯದಲ್ಲಿ ಎದುರಾಡಲು ಆಗಲಿಲ್ಲ. ಆದರೆ ಎರಡು ವಾರದ ಹಿಂದೆ ನೋಡಿದ ಸರಣಿಯ ಕತೆ ಹೇಳು ಎಂದರೆ ಅವನು ಒಂದು ಕತೆಯ ನಾಯಕನನ್ನು ಇನ್ನೊಂದು ಕತೆಯ ನಾಯಕಿಗೆ ಮದುವೆ ಮಾಡಿಸಿಬಿಡುತ್ತಿದ್ದ.

ಹತ್ತನೆಯ ಶನಿವಾರ ನಾನು ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮೊಬೈಲಿನ ಬ್ಯಾಟರಿಯೂ ಮುಗಿದಿತ್ತು. ಇನ್ನೊಂದು ಬಸ್ಸು ಹಿಡಿದು ಮನೆ ಮುಟ್ಟಿದಾಗ ಎಂಟೂಕಾಲು. ಎಪಿಸೋಡು ಬಂದು ಒಂದು ಗಂಟೆಯ ಮೇಲಾಗಿತ್ತು. ಚಂದನಾ ಟಿವಿ ಆರಿಸಿಟ್ಟು ಪುಸ್ತಕ ಓದುತ್ತಿದ್ದಳು. ನೋಡಿದೆಯಾ, ಏನಾಯಿತು ಎಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. ಹಾಕಿಯೇ ಇಲ್ಲ, ನೀನು ಬರಲಿ ಅಂತ ಇದ್ದೆ ಎಂದಳು. ಏನೂ ವಿಶೇಷವಲ್ಲ ಎಂಬಂತೆ ಹೇಳಿ ಎದ್ದು ಹೋಗಿ ಚುರುಮುರಿ ಕಲಸಿದಳು. ಮುಖ ತೊಳೆಯುವ ನೆಪದಲ್ಲಿ ನಾನು ಬಚ್ಚಲಮನೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತೆ.

ಇಷ್ಟಾದ ಮೇಲೂ ನಾನು ಮಾಡಿದ ಕೆಲಸ ನೋಡಿ.

ಮೊದಲ ಭಾಗ ಮುಗಿದು ಕೆಲವು ತಿಂಗಳಿಗೆ ಕರಡಿಯ ಎರಡನೇ ಭಾಗ ಬಂತು. ಈ ಸಲ ಹನ್ನೆರಡೂ ಎಪಿಸೋಡುಗಳು ಒಂದೇ ದಿನ. ಮಾದಪ್ಪ ನನ್ನನ್ನು ಅಭಿನಂದಿಸಿದ. ಆದರೆ ನಾವು ಮೊದಲಿನಂತೆಯೇ ಶನಿವಾರಕ್ಕೊಂದು ನೋಡೋಣ ಎಂದು ಚಂದನಾ ಹೇಳಿದಳು, ನಾನು ಒಪ್ಪಿದೆ. ಮೊದಲನೆಯದನ್ನು ಒಟ್ಟಿಗೆ ನೋಡಿದೆವು. ಮರುವಾರ ನಡುವೆ ಒಂದು ರಜೆ ಬಂತು. ಅತ್ತೆಯ ಇನ್ನೊಂದು ಮಂಡಿಗೂ ಆಪರೇಷನ್ ಆಗಿ ಸುಧಾ ಇನ್ನೂ ತಲಕಾಡಿನಲ್ಲೇ ಇದ್ದಳು. ಅಮ್ಮನನ್ನೂ ಅಜ್ಜಿಯನ್ನೂ ನೋಡಲು ಚಂದನಾ ಅಲ್ಲಿಗೆ ಹೋದಳು. ಬೆಳಿಗ್ಗೆ ಒಂಬತ್ತಕ್ಕೆ, ಎರಡನೇ ಎಪಿಸೋಡಿನ ಮೊದಲ ಐದು ನಿಮಿಷ ಮಾತ್ರ ನೋಡೋಣ ಎಂದು ಕುಳಿತೆ. ಮಧ್ಯಾಹ್ನ ತಣ್ಣನೆಯ ಉಪ್ಪಿಟ್ಟನ್ನು ನಿಂತೇ ತಿಂದೆ. ಸಂಜೆಯ ಹೊತ್ತಿಗೆ ಹನ್ನೆರಡೂ ಮುಗಿದಿದ್ದವು. ಏಳನೆಯದರಲ್ಲಿ ಕರಡಿ ಅಂಗಡಿಗೆ ಬರುವುದನ್ನು ನಿಲ್ಲಿಸುತ್ತದೆ. ಶಾಪ ಕಳೆದು ಮನುಷ್ಯನಾಗಿದ್ದಾನೆ, ಆದರೆ ಹುಡುಗಿಯ ನೆನಪು ಹೋಗಿದೆ. ಅಂಗಡಿಯ ಬಾಗಿಲಲ್ಲಿ ಒಗೆದು ಮಡಿಸಿಟ್ಟ ನೀಲಿ ಸ್ವೆಟರ್. ನಾನು ಒಬ್ಬನೇ ಕುಳಿತು ಅತ್ತೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹಬ್ಬದ ಹೋಳಿಗೆಯನ್ನೆಲ್ಲ ಕದ್ದು ಒಬ್ಬನೇ ತಿಂದವನ ಹೊಟ್ಟೆಯಂತಾಗಿತ್ತು ಮನಸ್ಸು.

ಮುಂದಿನ ಶನಿವಾರದಿಂದ ನನ್ನ ಅಭಿನಯ ಶುರುವಾಯಿತು. ಆಶ್ಚರ್ಯಪಡಬೇಕಾದ ಕಡೆ ಆಶ್ಚರ್ಯಪಟ್ಟೆ. ತಪ್ಪು ಎಂದು ಗೊತ್ತಿದ್ದ ಊಹೆಗಳನ್ನೇ ಆರಿಸಿ ಹೇಳಿದೆ. ಚಂದನಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಐದು ವಾರ ಹೀಗೇ ದಾಟಿತು. ಆರನೆಯ ವಾರ ಏಳನೇ ಎಪಿಸೋಡು. ಪರದೆಯ ಮೇಲೆ ಹುಡುಗಿ ಇನ್ನೂ ಹಾಡಿಕೊಂಡು, ನಗುನಗುತ್ತಾ ಈರುಳ್ಳಿ ಹೆಚ್ಚುತ್ತಿದ್ದಳು. ಬಾಗಿಲು ತೆಗೆಯಲು ಇನ್ನೂ ಎರಡು ನಿಮಿಷವಿತ್ತು. ನನ್ನ ಕಣ್ಣು ಮಾತ್ರ ಆಗಲೇ ತುಂಬಿ ಹರಿಯುತ್ತಿತ್ತು. ಚಂದನಾ ಟಿವಿ ನಿಲ್ಲಿಸಿದಳು.

"ಅಪ್ಪ, ಅವಳಿನ್ನೂ ನಗ್ತಾ ಇದಾಳೆ."

ಹುಡುಗಿ ಈರುಳ್ಳಿ ಹೆಚ್ಚುತ್ತಿದ್ದಾಳಲ್ಲ, ಅದಕ್ಕೆ ಎಂದೆ. ಆ ಹೊತ್ತಿಗೆ ಹೊಳೆದದ್ದು ಅದೇ.

ಚಂದನಾ ನಗಲಿಲ್ಲ. ನೋಡಿದ ಎಪಿಸೋಡಿನ ಕೆಳಗೆಲ್ಲ ಒಂದು ಕೆಂಪು ಗೆರೆ ಮೂಡಿರುತ್ತದೆ, ತಲಕಾಡಿನಿಂದ ಬಂದ ದಿನವೇ ಹನ್ನೆರಡು ಗೆರೆಗಳನ್ನೂ ನೋಡಿದೆ ಎಂದಳು. ಹಾಗಾದರೆ ಇಷ್ಟು ವಾರ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ."

ಆ ಮಾತಿಗೆ ಸಮನಾದ ತಮಾಷೆ ನನ್ನಲ್ಲಿ ಯಾವುದೂ ಇರಲಿಲ್ಲ. ತಪ್ಪಾಯಿತು ಎಂದೆ. ಒಂದು ತಪ್ಪು ಬಾಯಿಂದ ಹೊರಬಿದ್ದ ಮೇಲೆ ಹಿಂದಿನದೂ ಅದರ ಬೆನ್ನಿಗೇ ಬಂತು. "ಕಳಲೆ ಮದ್ವೇಲಿ ಅಷ್ಟು ಜನ್ರ ಮುಂದೆ ಹಂಗೆ ಆಡಿದ್ದೂ ತಪ್ಪಾಯ್ತು ಕಣವ್ವ. ನೀನು ಹಿಂದೆ ನಿಂತಿದ್ದೆ ಅಂತಲ್ಲ, ನಿಲ್ಲದೇ ಇದ್ರೂ ತಪ್ಪೇ."

ಚಂದನಾ ರಿಮೋಟನ್ನು ಕೈಗೆತ್ತಿಕೊಂಡಳು. "ಅದಕ್ಕೂ ಕಾಯ್ತಾ ಇದ್ದೆ," ಎಂದಳು. ಆಮೇಲೆ ಚುರುಮುರಿ ಬಟ್ಟಲನ್ನು ನನ್ನ ಕಡೆಗೆ ಸರಿಸಿ ಟಿವಿ ಹಾಕಿದಳು. ಹುಡುಗಿ ಬಾಗಿಲು ತೆಗೆದಳು, ಸ್ವೆಟರ್ ನೋಡಿದಳು. ಈ ಸಲ ಸರಿಯಾದ ಜಾಗದಲ್ಲಿ ಇಬ್ಬರೂ ಅತ್ತೆವು.

ವಾರಕ್ಕೊಂದು ಮೇಲೋ ಒಟ್ಟಿಗೇ ಬರುವುದು ಮೇಲೋ ಎಂಬ ವಾದ ಈಗಲೂ ನಮ್ಮ ಕಚೇರಿಯಲ್ಲಿ ನಡೆಯುತ್ತದೆ. ನಾನು ಈಗ ಗಟ್ಟಿಯಾಗಿ ವಾರದ ಪಕ್ಷ. ಮೊದಲ ಭಾಗವೂ ಒಂದೇ ದಿನ ಬಂದಿದ್ದರೆ ಚಂದನಾ ಬಾಗಿಲು ಹಾಕಿಕೊಂಡು ಒಬ್ಬಳೇ ನೋಡಿ ಮುಗಿಸುತ್ತಿದ್ದಳು. ನಾನು ಇವತ್ತಿಗೂ "ಹೂಂ", "ಇಲ್ಲ"ಗಳ ಮೇಲೆಯೇ ಇರುತ್ತಿದ್ದೆ. ವಾರಕ್ಕೊಂದೇ ಎಂದು ನಿರ್ಧರಿಸಿದ ಆ ಪುಣ್ಯಾತ್ಮರು ಅವರ ವ್ಯಾಪಾರದ ಅನುಕೂಲಕ್ಕೇ ಹಾಗೆ ಮಾಡಿರಬಹುದು. ನನಗೆ ಮಾತ್ರ ಹನ್ನೆರಡು ಶನಿವಾರ ದಾನ ಕೊಟ್ಟರು. ಅವರ ಮಕ್ಕಳೂ ಅವರ ಪಕ್ಕದಲ್ಲಿ ಕುಳಿತುಕೊಳ್ಳಲಿ ಎಂದು ಹಾರೈಸುತ್ತೇನೆ.

ಈಗ ಸುಧಾ ತಲಕಾಡಿನಿಂದ ಬಂದಿದ್ದಾಳೆ. ಶನಿವಾರ ಮೂರು ಜನ ಕೂರುತ್ತೇವೆ. ಹೊಸ ಸರಣಿಯೊಂದು ಒಟ್ಟಿಗೇ ಬಂದಿದೆ. ಚಂದನಾ ಮುಂಜಾಗ್ರತೆಯಾಗಿ ಅದಕ್ಕೆ ನಾಲ್ಕಂಕಿಯ ಒಂದು ಗುಪ್ತಸಂಖ್ಯೆ ಹಾಕಿ ಬೀಗ ಜಡಿದಿದ್ದಾಳೆ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ, ಸಂಖ್ಯೆ ಯಾವುದು ಎಂದು ಅವಳನ್ನು ಒಂದು ಸಲವೂ ಕೇಳಿಲ್ಲ. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಬೀಗ ಭದ್ರವಾಗಿದೆಯೇ ಎಂದು ಪರೀಕ್ಷಿಸಿದೆ, ಅಷ್ಟೇ. ಮೊದಲು ನನ್ನ ಹುಟ್ಟಿದ ದಿನ ಹಾಕಿ ನೋಡಿದೆ, ತೆಗೆಯಲಿಲ್ಲ. ಆಮೇಲೆ ಅವಳಮ್ಮನದು ಹಾಕಿದೆ, ಅದಕ್ಕೂ ತೆಗೆಯಲಿಲ್ಲ. ನಿಜ ಹೇಳುತ್ತೇನೆ, ಆಗ ನನಗೆ ದೊಡ್ಡ ಸಮಾಧಾನವಾಯಿತು.