ಸಂಗೀತ ಮಾಸ್ತರನ ವೆಬ್ ಪೇಜು

ಹಾರ್ಮೋನಿಯಂ ಪೆಟಿಗಿ ಬಿಟ್ಟು ಬ್ಯಾರೆ ಯಾವ ಪೆಟಿಗಿ ಮುಟ್ಟಿದ್ರೂ ನನಗ ಒಂದಿಲ್ಲೊಂದು ಫಜೀತಿ ಆಗೇ ಆಗ್ತೈತಿ. ಮಿಕ್ಸರ್ ಮುಟ್ಟಿದ್ರ ಚಟ್ನಿ ಗ್ವಾಡಿಗೆ, ಟಿವಿ ಮುಟ್ಟಿದ್ರ ಬರೇ ತಮಿಳು. ಅಂಥಾ ನನ್ನ ಕೈಯಾಗ ಕಂಪ್ಯೂಟರ್ ಕೊಟ್ರು. ಮುಂದಿಂದು ನೀವ ಕೇಳ್ರಿ.

ಒತ್ತೂದು ಅಷ್ಟ

ಧಾರವಾಡದಾಗ ಒಂದು ಸಣ್ಣ ಖಾಸಗಿ ಸಾಲ್ಯಾಗ ನಾ ಸಂಗೀತ ಮಾಸ್ತರ. ಒಂದಿನ ಹೆಡ್ ಮೇಡಂ ಕರಸಿದ್ರು.

“ಸರ್, ಸಂಗೀತದ ಪಿರಿಯಡ್ ತಗದುಹಾಕ್ರಿ ಅಂತ ಕಮಿಟಿಯವ್ರು ಗಂಟುಬಿದ್ದಾರ. ಅತ್ತಾಗ ಕಂಪ್ಯೂಟರ್ ಸರ್ ಕೆಲಸಾ ಬಿಟ್ಟು ಹ್ವಾದ್ರು. ಎಂಟನೇ ಕ್ಲಾಸಿನವ್ರಿಗೆ ವೆಬ್ ಪೇಜ್ ಮಾಡೂದು ನೀವ ಕಲಿಸಿದ್ರ ನಿಮ್ಮ ನೌಕರೀನೂ ಉಳೀತೈತಿ, ಸಂಗೀತಾನೂ ಉಳೀತೈತಿ. ವಾರ್ಷಿಕ ಗ್ಯಾದರಿಂಗಿನ ಮೊದಲ ಕಮಿಟಿ ಚೇರ್ಮನ್ನರು ಬಂದು ನೋಡ್ತಾರ. ಅವ್ರ ಮನಸಿಗೆ ಬರಲಿಲ್ಲಂದ್ರ ನನ್ನ ಕೈಯಾಗ ಏನಿಲ್ರಿ.”

ಈ ವಯಸ್ಸಿನ್ಯಾಗ ಒಬ್ಬ ಸಂಗೀತ ಮಾಸ್ತರನ್ನ ಯಾವ ಸಾಲ್ಯವ್ರು ತಗೋತಾರ?

“ಮೇಡಂ, ನನಗ ಕಂಪ್ಯೂಟರ್ ಆನ್ ಮಾಡಾಕೂ ಬರಂಗಿಲ್ರಿ.”

ಅವ್ರು ಒಂದು ದಪ್ಪ ಪುಸ್ತಕ ಮುಂದ ಸರಿಸಿದ್ರು. ಪುಟಕ್ಕೊಂದು ಬಣ್ಣದ ಚಿತ್ರ, ಚಿತ್ರದ ಮ್ಯಾಲೆ ಕೆಂಪು ಬಾಣ. ಇಲ್ಲೆ ಒತ್ತು, ಅಲ್ಲೆ ಬರಿ, ಬರದ ಮ್ಯಾಲೆ ಹಿಂಗ ಕಾಣ್ತೈತಿ, ಎಲ್ಲಾ ಬೊಟ್ಟು ಮಾಡಿ ತೋರಿಸಿದ್ರು.

“ಏನೂ ಬರದವ್ರಿಗಂತನ ಮಾಡಿದ ಪುಸ್ತಕರಿ ಇದು. ಹಾರ್ಮೋನಿಯಂದಾಗ ನೀವೇನ್ ಮಾಡ್ತೀರಿ? ಒತ್ತತೀರಿ. ಇದರಾಗೂ ಒತ್ತೂದು ಅಷ್ಟ. ಗಾಳಿ ಹಾಕೂದೂ ಬ್ಯಾಡ.”

ಬೆಕ್ಕಿನ ಪೇಜು

ನಾ ಕಲತ ಪದ್ಧತಿ ಬ್ಯಾರೆರಿ. ಗುರುಗಳು ಹೆಂಗ ಹೇಳ್ತಾರ ಹಂಗ ಹೇಳಬೇಕು, ಒಂದು ಅಕ್ಷರ ಆಚೀಚಿ ಮಾಡಂಗಿಲ್ಲ. ನಮ್ಮ ಗುರುಗಳಿಗೆ ದಮ್ಮಿನ ಬ್ಯಾನಿ ಇತ್ತು. ತಾಳ ಒಂದು ಸುತ್ತು ಮುಗದು ಸಮಕ್ಕ, ಅಂದ್ರ ಮತ್ತ ಮೊದಲನೇ ಪೆಟ್ಟಿಗೆ, ಬಂದು ಮುಟ್ಟೂ ಮುಂದ “ಉಹ್ಹು” ಅಂತ ಸಣ್ಣಂಗ ಕೆಮ್ಮತಿದ್ರು. ನಾ ಹಾಡಿನ ಕೂಡ ಆ ಕೆಮ್ಮೂ ಕಲತೆ. ನನಗ ದಮ್ಮಿಲ್ಲ, ಏನಿಲ್ಲ.

ಈ ಪುಸ್ತಕಾನೂ ಗುರು ಅಂತ ತಿಳಕೊಂಡೆ. ಅದರಾಗಿನ ಮಾದರಿ ಪೇಜು ಯಾರದೋ ಬೆಕ್ಕಿಂದು. ಅದರ ರೂಪ, ತಿನ್ನೂದು, ಮಲಗೂದು, ಎಲ್ಲಾ ಇಂಗ್ಲಿಷಿನ್ಯಾಗ. ಇದ್ದದ್ದನ್ನ ಇದ್ದಂಗ ಹೊಡದೆ. ಆದ್ರ ಮೇಡಂ ಕೇಳಿದ್ದು ಸಾಲೀ ಪೇಜು. ಅದಕ್ಕ ಬೆಕ್ಕಿನ ಹೆಸರು ಇದ್ದಲ್ಲೆಲ್ಲಾ ನಮ್ಮ ಸಾಲೀ ಹೆಸರು ಹಾಕಿದೆ. ಉಳದದ್ದು ಮುಟ್ಟಾಕ ಧೈರ್ಯ ಆಗಲಿಲ್ಲ, ಎಲ್ಲಿ ಏನ್ ಕೆಡತೈತೋ ಅಂತ ಅಂಜಿಕಿ.

ಮೇಡಂ ಕನ್ನಡಕಾ ಏರಿಸಿ ಓದಾಕತ್ರು. ನಮ್ಮ ಸಾಲಿ ಭಾಳ ಮೆತ್ತಗ ಐತಿ. ಮೀನು ಅಂದ್ರ ಅದಕ್ಕ ಪಂಚಪ್ರಾಣ. ಮಧ್ಯಾಹ್ನ ಊಟಾ ಆತಂದ್ರ ಸಂಜೀತನಕಾ ನಿದ್ದಿ ಹೊಡೀತೈತಿ. ಹೋತು ನೌಕರಿ ಅನ್ಕೊಂಡೆ.

“ಮೀನಿಂದು ತಗೀರಿ,” ಅಂದ್ರು ಮೇಡಂ. “ನಿದ್ದೀದು ಖರೇ ಐತಿ. ಆದ್ರೂ ತಗದುಬಿಡ್ರಿ.”

ಶುಂಠಿ ಕಷಾಯ

ವೆಬ್ ಪೇಜು ಬರಿಯೂ ಭಾಷಾ ಎಚ್‌ಟಿಎಂಎಲ್, ಅದರಾಗ ಟ್ಯಾಗ್ ಅಂತ ಇರ್ತಾವ್ರಿ. ಒಂದು ತೆರಿಯೂದು, ಒಂದು ಮುಚ್ಚೂದು. ಟ್ಯಾಗಿನ ಆ ಕಡೆ ಈ ಕಡೆ ಲೆಸ್ ದ್ಯಾನ್, ಗ್ರೇಟರ್ ದ್ಯಾನ್ ಅನ್ನೂ ಎರಡು ಗುರ್ತು. ಮುಚ್ಚೂ ಟ್ಯಾಗಿನ್ಯಾಗ ಒಂದು ಓರೆಗೆರಿ ಇರ್ತೈತಿ, ಅದಕ್ಕ ಸ್ಲ್ಯಾಶ್ ಅಂತಾರ. ಒಂದು ಶಬ್ದ ದಪ್ಪ ಕಾಣ್ಲಿ ಅಂತ ಟ್ಯಾಗ್ ತೆರದು, ಮುಚ್ಚೂದು ಮರತ್ರಿ ಅಂದ್ರ ಮುಗೀತು, ಪೇಜಿನ ತಳದ ತನಕಾ ಎಲ್ಲಾ ಅಕ್ಷರ ದಪ್ಪ ಆಗಿ ಕುಂದರ್ತಾವ. ನಾ ದಿನಾ ಮರೀತಿದ್ದೆ. ಚೇರ್ಮನ್ನರು ಬರೂ ದಿನಾ ಹತ್ರ ಬಂದಂಗ ಅಕ್ಷರ ದಪ್ಪ ಆಗಾಕತ್ವು, ನಾ ಸೊರಗಾಕತ್ತೆ. ಊಟಾ ಸೇರವಲ್ದು, ರೊಟ್ಟಿ ಮುರದು ಕೈಯಾಗ ಹಿಡಕೊಂಡು ಸುಮ್ಮನ ಕೂಡ್ತಿದ್ದೆ.

ಕಡೀಕ ತಾಳದ ಉಪಾಯ ಹೂಡಿದೆ. ಟ್ಯಾಗ್ ತೆರದ್ರ ಸುತ್ತು ಸುರು, ಸ್ಲ್ಯಾಶ್ ಅಂದ್ರ ಸಮ. ಎಲ್ಲೆಲ್ಲಿ ಅಡ್ಡಾಡಿದ್ರೂ ಸಮಕ್ಕ ಬರಾಕಬೇಕು. ಅವತ್ತಿನಿಂದ ಒಂದು ಟ್ಯಾಗೂ ಬಿಡಲಿಲ್ಲ. ಮನ್ಯಾಗ ಕುಂತು ಬಾಯಿಲೆ ಹೇಳಕೋತ ಹಾಳ್ಯಾಗ ಬರಿಯಾಕತ್ತಿದ್ದೆ, ಹೇಂತಿ ಶುಂಠಿ ಕಷಾಯ ತಂದು ಮುಂದ ಇಟ್ಳು.

“ಇದ್ಯಾಕ? ನನಗೇನು ಕೆಮ್ಮಿಲ್ಲಲ್ಲ.”

“ನಿಮಗಿಲ್ರಿ, ಗೊತ್ತೈತಿ. ನಿಮ್ಮ ಗುರುಗಳಿಗೆ ಇತ್ತಲ್ಲ, ಅವ್ರ ಪರವಾಗಿ ಕುಡೀರಿ.”

ಯಾವ ಸ್ತೋತ್ರ?

ಸಾಲ್ಯಾಗ ಕಂಪ್ಯೂಟರ್ ಇದ್ದದ್ದ ಕಮ್ಮಿ, ಅದರಾಗ ಅರ್ಧ ಸತ್ತಿದ್ವು. ಹುಡುಗ್ರು ನೋಡಿದ್ರ ಕ್ಲಾಸ್ ತುಂಬ. ಏನ್ ಮಾಡೂದು? ತಬಲಾ ಕಲಸೂವಾಗ ಮೊದಲ ಬಾಯಿಲೆ ಧಾ ಧಿನ್ ಧಿನ್ ಧಾ ಅಂತ ಬೋಲ್ ಹೇಳಸ್ತಾರ, ಆಮ್ಯಾಲೆ ಕೈಗೆ ತಬಲಾ ಕೊಡ್ತಾರ. ನಾನೂ ಹಂಗ ಮಾಡಿದೆ. ಎಲ್ಲಾರನ್ನೂ ನೆಲದ ಮ್ಯಾಲೆ ಕುಂದರಿಸಿ, ತೊಡಿ ಮ್ಯಾಲೆ ತಾಳಾ ಹಾಕಿಸಿ, ಪೂರ್ತಿ ಪೇಜು ಬಾಯಿಪಾಠ ಹೇಳಸಿದೆ. ನಾ ಹೇಳಬೇಕು, ನನ್ನ ಕೂಡ ಅವ್ರು ಹೇಳಬೇಕು. ತಪ್ಪಿದ್ರ ಮತ್ತ ಮೊದಲಿಂದ.

ಒಂದಿನ ಒಬ್ಬ ಹುಡುಗನ ಅಪ್ಪ ಬಂದವ್ರು, ಬಾಗಲದಾಗ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಕೈ ಮುಗದು ನಿಂತಬಿಟ್ರು. ಪಾಠ ಮುಗದ ಮ್ಯಾಲೆ ಮೆಲ್ಲಕ ಕೇಳಿದ್ರು.

“ಯಾವ ಸ್ತೋತ್ರರಿ ಸರ್ ಇದು?”

“ಎಚ್‌ಟಿಎಂಎಲ್ ರಿ.”

“ಭಾಳ ಛಲೋ ಐತ್ರಿ. ದಿನಾ ಹೇಳಿದ್ರ ಶುಗರ್ ಇಳೀತೈತೇನ್ರಿ?”

ಚೇರ್ಮನ್ನರು ಬಂದ್ರು

ಆ ದಿನಾ ಬಂದ ಬಂತು. ಚೇರ್ಮನ್ನರು ಹಿರೇ ಮನಷ್ಯಾ. ಬಿಳೀ ಧೋತರ, ಕರೀ ಟೊಪಿಗಿ, ನಗೂದು ಗೊತ್ತಿಲ್ಲದ ಮಾರಿ. ಬಂದ ಕೂಡ್ಲೆ ಅಂದ್ರು, “ಹಾಡಿನಿಂದ ಯಾರ ಹೊಟ್ಟಿ ತುಂಬತೈತ್ರಿ ಮಾಸ್ತರ? ನಿಮ್ಮ ವೆಬ್ ಪೇಜು ತೋರಸ್ರಿ, ನೋಡೂಣು.”

ಬಟನ್ ಒತ್ತಿದೆ. ಪರದೆ ಬೆಳಕಾತು. ಅಷ್ಟರಾಗ ಕರೆಂಟ್ ಹೋತು. ಮ್ಯಾಲೆ ಫ್ಯಾನ್ ನಿಂತ್ವು, ಕೆಳಗ ನನ್ನ ಜೀವಾ ನಿಂತಂಗಾತು. ಚೇರ್ಮನ್ನರು ಸ್ವಲ್ಪ ಹೊತ್ತು ಕಾದು, ಗಡಿಯಾರ ನೋಡಿ ಎದ್ರು.

“ಆತಲ್ಲ. ನಡೀರಿ ಮೇಡಂ, ನನಗ ಬ್ಯಾರೆ ಕೆಲಸಾ ಅದಾವು.”

ಮೇಡಂ ತಲಿ ಕೆಳಗ ಹಾಕಿದ್ರು. ಆಗ ಹಿಂದಿನ ಸಾಲಿನ್ಯಾಗಿಂದ ಒಬ್ಬಾಕಿ ಹುಡುಗಿ ತೊಡಿ ತಟ್ಟಿ ತಾಳಾ ಸುರು ಮಾಡಿದ್ಳು. ಇಡೀ ಕ್ಲಾಸು ಆಕೀ ಕೂಡ ಹತ್ತಿತು. “ಲೆಸ್ ದ್ಯಾನ್, ಎಚ್‌ಟಿಎಂಎಲ್, ಗ್ರೇಟರ್ ದ್ಯಾನ್!” ಆಮ್ಯಾಲೆ ಹೆಡ್, ಆಮ್ಯಾಲೆ ಟೈಟಲ್, ಆಮ್ಯಾಲೆ ಸಾಲೀ ಹೆಸರು. ಚೇರ್ಮನ್ನರು ಹೊಸ್ತಲದಾಗ ನಿಂತ್ರು. ಮೊದಲನೇ ಮುಚ್ಚೂ ಟ್ಯಾಗ್ ಬಂತು.

“ಉಹ್ಹು!” ಅಂತು ಇಡೀ ಕ್ಲಾಸು. “ಸ್ಲ್ಯಾಶ್!”

ಯಪ್ಪಾ! ಇಷ್ಟ ದಿನಾ ನಾನೂ ಅವ್ರ ಕೂಡೇ ಕೆಮ್ಮತಿದ್ದೆನಲ್ಲ, ನನ್ನ ಕಿವಿಗೆ ಬಿದ್ದಿರಲಿಲ್ಲ. ಚೇರ್ಮನ್ನರು ಗಡಬಡಿಸಿ ಮೂಗಿಗೆ ವಸ್ತ್ರ ಹಿಡಕೊಂಡ್ರು.

“ಎಲ್ಲಾ ಹುಡುಗ್ರಿಗೂ ಕೆಮ್ಮು ಹತ್ತೇತಲ್ರಿ ಮೇಡಂ! ಡಾಕ್ಟರ್‌ಗೆ ಹೇಳ್ರಿ!”

“ಕೆಮ್ಮಲ್ರಿ ಅಜ್ಜಾರ,” ಅಂದ್ಳು ಆ ಹುಡುಗಿ. “ಹಂಗ ಅನ್ನದಿದ್ರ ಟ್ಯಾಗ್ ಮುಚ್ಚಂಗಿಲ್ರಿ.”

ಕೆಮ್ಮಕೋತನ ಪೂರ್ತಿ ಪೇಜು ಹೇಳಿ ಮುಗಸಿದ್ರು, ಒಂದ ಅಕ್ಷರ ತಪ್ಪಲಿಲ್ಲ. ಮುಗಿಯೂದಕ್ಕೂ ಕರೆಂಟ್ ಬರೂದಕ್ಕೂ ಸರಿ ಹೋತು. ಚೇರ್ಮನ್ನರು ತಿರಗಿ ಬಂದು ತಾವ ಕಂಪ್ಯೂಟರ್ ಮುಂದ ಕುಂತ್ರು. “ನನ್ನ ಹೆಸರು ದಪ್ಪಾಗಿ ಬರಬೇಕು. ಹೆಂಗ ಹೇಳ ತಂಗಿ.” ಆಕಿ ಹೇಳಕೋತ ಹ್ವಾದ್ಳು, ಅವ್ರು ಒಂದ ಬೊಟ್ಟಿಲೆ ಕುಟಗೋತ ಹ್ವಾದ್ರು. ಕಡೀಕ ಅವಸರ ಮಾಡಿ ಸ್ಲ್ಯಾಶ್ ಬಿಟ್ಟಬಿಟ್ರು. ಅವ್ರ ಹೆಸರಿನ ಕೂಡ ಮೇಡಂ ಹೆಸರು, ನನ್ನ ಹೆಸರು, ಸಾಲೀ ವಿಳಾಸ ಎಲ್ಲಾ ದಪ್ಪ ಆದ್ವು.

“ಯಾಕವ್ವಾ ಹಿಂಗಾತು?”

“ಅಜ್ಜಾರ, ನೀವು ಕೆಮ್ಮಲಿಲ್ರಿ.”

ಚೇರ್ಮನ್ನರು ಟೊಪಿಗಿ ಸರಿ ಮಾಡಕೊಂಡ್ರು. “ಉಹ್ಹು” ಅಂದ್ರು. ಸ್ಲ್ಯಾಶ್ ಹೊಡದ್ರು. ಅವ್ರ ಹೆಸರು ಒಂದ ದಪ್ಪ ಉಳದು, ಉಳದದ್ದೆಲ್ಲಾ ಮೊದಲಿನಂಗ ಆತು. ಆ ಮಾರಿ ಮ್ಯಾಲೆ ನಗಿ ನೋಡಬೇಕಿತ್ರಿ ನೀವು, ಸಣ್ಣ ಹುಡುಗನಂಗ ಚಪ್ಪಾಳಿ ತಟ್ಟಿದ್ರು! ಎದ್ದು ಹೊಂಟವ್ರು ಬಾಗಲದಾಗ ಅಂದ್ರು, “ಮೇಡಂ, ಸಂಗೀತದ ಪಿರಿಯಡ್ ಇರ್ಲಿ. ಮಾಸ್ತರೂ ಇರ್ಲಿ.”

ಗುರುಗಳು ತೀರಿಕೊಂಡ ಮ್ಯಾಲೆ ಅವ್ರ ವಿದ್ಯಾ ನನ್ನ ಕೂಡ ಮುಗದು ಹೋಗ್ತೈತಿ ಅಂತ ಭಾಳ ಮರಗತಿದ್ದೆ. ಹಾಡಿಂದು ಏನಾಗ್ತೈತೋ ಗೊತ್ತಿಲ್ಲ, ಕೆಮ್ಮಂತೂ ಉಳೀತು. ಹಂಗ ಅನ್ನಿಸಿ ಕಣ್ಣು ತುಂಬಿ ಬಂದ್ವು, ನನಗ ಖರೇನ ಕೆಮ್ಮು ಬಂತು.

ಇಡೀ ಕ್ಲಾಸು ನನ್ನ ಕಡೆ ಹೊಳ್ಳಿ ನೋಡಿತು.

“ಈಗ ಯಾವ ಟ್ಯಾಗ್ ಮುಚ್ಚಿದ್ರಿ ಸರ್?”