ಕರೆಂಟಿಲ್ಲದ ಕಿಯಾಕ್

ಎಸ್ತೆಬೆಸನ ಕೈ ಇನ್ನೊಂದಿಷ್ಟು ಒರಟಾಗಿದ್ದರೆ ಆ ಭಾನುವಾರದ ರಗಳೆಯೇ ಆಗುತ್ತಿರಲಿಲ್ಲ.

ಕುದುರೆಬಾಲದ ಕೂದಲಿನ ಎರಡೇ ತಂತಿಗಳ ಕಿಯಾಕನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಅವನು ಕಮಾನು ಎಳೆದನೆಂದರೆ, ಅದು ಯಾವಾಗ ಹೋಯಿತು, ಯಾವಾಗ ತಿರುಗಿ ಬಂತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಸ್ವರ ಹಿಡಿದರೆ ಅದೇ ಸ್ವರ, ಗುಡ್ಡ ಹತ್ತುವ ಕುರಿಮಂದೆಯ ಹಾಗೆ, ಅವಸರವೇ ಇಲ್ಲದೆ ಸಾಗುತ್ತಿತ್ತು. ಪಕ್ಕದ ಮನೆಯ ಮುದುಕಿ ಬುರುಲ್ಸುನ್, ಇಡೀ ಕಟ್ಟಡಕ್ಕೆ ಎಜೆ, ಅಂದರೆ ಅಕ್ಕ, ನಡುನಡುವೆ ಮೋರ್ಸಿಂಗಿನಲ್ಲಿ ಒಂದು ‘ಝೊಂಯ್’ ಸೇರಿಸುತ್ತಿದ್ದರು. ಕಣ್ಣು ಮುಚ್ಚಿ ಸುಮ್ಮನೆ ಕೂತು ಕೇಳಬೇಕಾದ ಸಂಗೀತ. ಕರಕೋಲ್ ಪಟ್ಟಣದ ಆ ಕಟ್ಟಡದಲ್ಲಿ ಸುಮ್ಮನೆ ಕೂರುವವರು ಯಾರೂ ಇರಲಿಲ್ಲ. “ಎಸ್ತೆಬೆಸನ ಹಸು ಇನ್ನೂ ಈದಿಲ್ವಾ?” ಎಂದು ಮೆಟ್ಟಿಲ ಮೇಲೆ ನಗಾಡುವವರೇ ಎಲ್ಲ. ಅವನು ಮೇಷ್ಟರಾಗಿದ್ದ ಸಂಗೀತಶಾಲೆಯಲ್ಲೂ ಅದನ್ನು ಸಂಗೀತವೆಂದು ಒಪ್ಪಿದವರಿಲ್ಲ.

ಹಾಗಿರುವಾಗ ರಾಜಧಾನಿ ಬಿಷ್ಕೆಕ್‌ನ ಸಂಗೀತೋತ್ಸವವೊಂದು ಅದನ್ನು ಮೆಚ್ಚಿಬಿಟ್ಟಿತು. ಉತ್ಸವಕ್ಕೆ ಇದ್ದದ್ದು ಒಂದೇ ಕಟ್ಟುಪಾಡು: ಮರ, ಮಣ್ಣು, ಕಬ್ಬಿಣ, ಕೂದಲು, ಉಸಿರು ಏನು ಬೇಕಾದರೂ ಇರಲಿ, ವಾದ್ಯಕ್ಕೆ ಕರೆಂಟು ಮಾತ್ರ ತಾಗಕೂಡದು. ಎಸ್ತೆಬೆಸ್ ಕಳಿಸಿದ ಧ್ವನಿಮುದ್ರಣ ಕೇಳಿದವರು, “ಅದ್ಭುತ! ಆದರೆ ಇಷ್ಟು ಹೊತ್ತು ಕಡಿಯದೆ ನುಡಿಸೋದು ಮನುಷ್ಯರ ಕೈಲಾಗೋ ಕೆಲಸ ಅಲ್ಲ. ಒಳಗೊಂದು ಮಷಿನ್ ಇರಲೇಬೇಕು” ಎಂದು ತೀರ್ಮಾನಿಸಿ, ಪರೀಕ್ಷೆಗೆ ಸೊನುನ್‌ಬುಬು ಎಂಬ ಮೇಡಂ ಒಬ್ಬರನ್ನು ಕಳಿಸಿದರು.

“ಮಷಿನ್ನಂತೆ!” ಎಂದಳು ಹೆಂಡತಿ ಜಿಪಾರ್, ಕರೆಂಟಿನ ಒಲೆಯ ಮೇಲೆ ಹಿಟ್ಟಿನ ತುಂಡುಗಳ ಬೋರ್ಸೋಕ್ ಕರಿಯುತ್ತ. “ಒಂದು ಬಲ್ಬ್ ಹಾಕೋಕೆ ಬರಲ್ಲ ನಿಮಗೆ. ಮಷಿನ್ ಇಟ್ಟಿದ್ರೆ ನಾನೇ ಮೊದ್ಲು ಮೆಡಲ್ ಕೊಡ್ತಿದ್ದೆ.”

ಮೇಡಂ ಬಂದರು. ಚಹಾ ಕುಡಿಯಲಿಲ್ಲ, ಕೂರಲೂ ಇಲ್ಲ. ಕಿಯಾಕನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರು. ನೆಲದ ಕಂಬಳಿ ಎತ್ತಿ ನೋಡಿದರು. ಕೊನೆಗೆ ಮೋರ್ಸಿಂಗ್ ಹಿಡಿದು ಕೂತಿದ್ದ ಬುರುಲ್ಸುನ್ ಎಜೆಯ ಕಡೆ ತಿರುಗಿ, “ಸ್ವಲ್ಪ ಬಾಯಿ ತೆಗೀತೀರಾ?” ಎಂದರು.

ಎಜೆ ಬಾಯಿ ತೆರೆದರು. ಒಳಗೆ ಚಿನ್ನದ ಹಲ್ಲುಗಳಲ್ಲದೆ ಮತ್ತೇನೂ ಇರಲಿಲ್ಲ.

“ಬೇಕಾದ್ರೆ ಅವನ್ನೂ ಕಿತ್ತು ತೋರಿಸ್ಲೇನಮ್ಮಾ?” ಎಂದು ಎಜೆ ಕೇಳಿದ ದನಿಗೆ ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು.

ಎಸ್ತೆಬೆಸ್ ನುಡಿಸತೊಡಗಿದ. ಮೇಡಂ ಕಿವಿ ನಿಮಿರಿಸಿ, “ನಿಲ್ಲಿಸಿ! ಅಡಿಯಲ್ಲೇನೋ ಗೊಂಯ್ ಅಂತಿದೆ” ಎಂದರು. ಫ್ರಿಜ್ಜು. ಅದರ ಪ್ಲಗ್ ಕಿತ್ತದ್ದಾಯಿತು. ಮತ್ತೆ ಗೊಂಯ್. ಅದು ಮೇಲಿನ ಮನೆಯ ಬಟ್ಟೆ ಒಗೆಯುವ ಮಷಿನ್. ಎಸ್ತೆಬೆಸ್ ಓಡಿಹೋಗಿ ಬೇಡಿಕೊಂಡ. ಆ ಮನೆಯಾಕೆ, “ನಿನ್ನ ಹಸು ಈಯೋಕೆ ನನ್ನ ಗಂಡನ ಪ್ಯಾಂಟು ನೊರೇಲಿ ಕೂತಿರ್ಬೇಕಾ?” ಎಂದು ಬೈದು ಮಷಿನ್ ಆರಿಸಿದಳು. ಬೈದದ್ದು ಸಾಲದೆಂದು ತಾನೂ ಹಿಂದೆಯೇ ಬಂದಳು. ಆಮೇಲೆ ಎದುರು ಮನೆಯ ಟೀವಿ, ಕೆಳಗಡೆಯ ನೀರಿನ ಪಂಪು. ಒಂದೊಂದು ಸದ್ದು ಆರಿದ ಹಾಗೆಲ್ಲ ಆ ಸದ್ದಿನ ಯಜಮಾನರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ಜಮಾಯಿಸಿದರು. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿ, ಮಷಿನ್ನಿಗಿಂತ ಜೋರಾಗಿ ಮಾತಾಡತೊಡಗಿದರು.

“ಈ ಗದ್ದಲದಲ್ಲಿ ಪ್ರಮಾಣಪತ್ರ ಹೇಗೆ ಕೊಡಲಿ?” ಎಂದು ಮೇಡಂ ಕೈಚೀಲ ಎತ್ತಿಕೊಂಡರು. ಎಸ್ತೆಬೆಸನ ಮುಖ ಹುಳಿಹೋದ ಕುದುರೆಹಾಲಿನಂತಾಯಿತು. ಜನ್ಮದಲ್ಲಿ ಮೊದಲ ಸಲ ಯಾರೋ ಅವನದನ್ನು ಸಂಗೀತ ಅಂದಿದ್ದರು. ಅವರೇ ಈಗ ಚಪ್ಪಲಿ ಹುಡುಕುತ್ತಿದ್ದರು.

ಆಗ ಜನರನ್ನು ಸೀಳಿಕೊಂಡು ಬಂದವನು ಕೆರಿಂಬೆಕ್. ನಿವೃತ್ತ ಪಶುವೈದ್ಯ, ಕಟ್ಟಡಕ್ಕೆ ಸ್ವಯಂಘೋಷಿತ ಬಾಯ್ಕೆ, ಅಂದರೆ ಹಿರಿಯಣ್ಣ. ನೆಲಮಾಳಿಗೆಯ ಕ್ಷೌರದಂಗಡಿಯಿಂದ ಸುದ್ದಿ ಕೇಳಿ ಎದ್ದು ಬಂದಿದ್ದ. ಕೊರಳಲ್ಲಿ ಬಿಳಿ ಬಟ್ಟೆ, ತಲೆಯ ಎಡಗಡೆ ನುಣ್ಣಗೆ, ಬಲಗಡೆ ಕಾಡು.

“ಏನಮ್ಮಾ, ನಮ್ಮ ಕಟ್ಟಡದ ಹುಡುಗನಿಗೆ ಕಳ್ಳ ಅಂತೀರಾ? ಅವನ ಸಂಗೀತಕ್ಕೆ ಬೆಂಕಿ ಬೀಳಲಿ, ಬೈಯೋರು ನಾವು ಬೈತೀವಿ. ಹೊರಗಿನವರು ಬೈಯೋ ಹಾಗಿಲ್ಲ!” ಎಂದು ಗುಡುಗಿ, ಕೆಳಗೆ ಇಳಿದು ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟ.

ಬೋರ್ಸೋಕ್ ಅರೆಬೆಂದು ನಿಂತಿತು. ಲಿಫ್ಟಿನೊಳಗೆ ಯಾರೋ ದೇವರನ್ನು ನೆನೆದರು. ಕೆರಿಂಬೆಕ್ಕನ ಉಳಿದರ್ಧ ತಲೆಯ ಕೂದಲು ಕತ್ತರಿಸಬೇಕಿದ್ದ ಯಂತ್ರವೂ ನಿಂತುಹೋಯಿತು. ಅದು ಅವನಿಗೆ ಹೊಳೆದದ್ದು ವಾಪಸು ಮೆಟ್ಟಿಲು ಹತ್ತುವಾಗ. ಮಾನದ ಪ್ರಶ್ನೆ, ಕೊರಳಿನ ಬಟ್ಟೆ ಸರಿಮಾಡಿಕೊಂಡು ಮೇಲೆ ಬಂದ.

“ಈಗ ನುಡಿಸಯ್ಯಾ. ಕೆಮ್ಮಿದವರ ಕಾಲು ಮುರೀತೀನಿ.”

ಎಸ್ತೆಬೆಸ್ ಮೆಟ್ಟಿಲ ಮೇಲೆಯೇ ಕೂತ. ಕಮಾನನ್ನು ತಂತಿಗೆ ತಾಗಿಸಿದ. ಸ್ವರ ಎಲ್ಲಿ ಶುರುವಾಯಿತೆಂದು ಯಾರಿಗೂ ತಿಳಿಯಲಿಲ್ಲ. ಕಣಿವೆಯಲ್ಲಿ ಬೆಳಗಾಗುವ ಹಾಗೆ, ನೋಡಿದಾಗ ಆಗಲೇ ಆಗಿತ್ತು. ಎಜೆಯ ಮೋರ್ಸಿಂಗು ಅದರೊಳಗೆ ಒಂದೊಂದೇ ಹನಿ ತೊಟ್ಟಿಕ್ಕಿತು. ಮೆಟ್ಟಿಲ ಸಾಲು ಆ ನಾದವನ್ನು ಕೆಳಗಿನಿಂದ ಮೇಲಕ್ಕೆ ತುಂಬಿಕೊಂಡಿತು. ಬಟ್ಟೆ ಒಗೆಯುವಾಕೆ ಒದ್ದೆ ಕೈಯನ್ನು ಮಡಿಲಲ್ಲಿಟ್ಟು ಕೂತಳು. ಎಂದೂ ನಿಂತು ಕೇಳದ ಜಿಪಾರ್ ಜಾಲರಿ ಸೌಟು ಹಿಡಿದುಕೊಂಡೇ ಬಾಗಿಲಿಗೊರಗಿದಳು. ಕೆರಿಂಬೆಕ್ಕನ ಕಣ್ಣಿಂದ ನೀರಿಳಿದು ಕೊರಳಿನ ಬಟ್ಟೆಯ ಮೇಲೆ ಬಿತ್ತು. ಲಿಫ್ಟಿನವನೂ ದೇವರನ್ನು ಕರೆಯುವುದು ಬಿಟ್ಟ.

ಸ್ವರ ತೆಳುವಾಗಿ, ಇನ್ನೂ ತೆಳುವಾಗಿ, ನಿಂತಿತು. ಯಾರೂ ಅಲ್ಲಾಡಲಿಲ್ಲ. ಬೆಟ್ಟದಿಂದಿಳಿಯುವ ಹೊಳೆಯ ಮೊರೆತ ಕೇಳಿಸಿತು. ದೂರದಲ್ಲೊಂದು ಕುದುರೆ ಸೀನಿದ್ದೂ ಕೇಳಿಸಿತು.

ಮೇಡಂ ಮುಂದೆ ಬಂದು ಎಸ್ತೆಬೆಸನ ಎರಡೂ ಕೈ ಹಿಡಿದುಕೊಂಡರು. “ಮಷಿನ್ ಇಲ್ಲ. ತಪ್ಪಾಯ್ತು. ಉತ್ಸವದ ಮೊದಲ ಕಛೇರಿ ನಿಮ್ಮದೇ!”

ಕಟ್ಟಡ ಹೋ ಎಂದಿತು. ಹಸು ಎಂದವರೇ ಅವನನ್ನು ಭುಜದ ಮೇಲೆ ಎತ್ತಿಕೊಂಡರು. ಅರೆಬೆಂದ ಬೋರ್ಸೋಕನ್ನೇ ಎಲ್ಲರೂ ತಿಂದರು. ಜಿಪಾರ್ ನೆರೆಯವರ ಮುಂದೆ, “ನಮ್ಮನೆಯವರು” ಎಂದಾಗ ಎಸ್ತೆಬೆಸನಿಗೆ ಕಿವಿ, ಕಣ್ಣುಗಳೆಲ್ಲ ಬಿಸಿಯಾದವು.

ಕೆರಿಂಬೆಕ್ ಕೈಯೆತ್ತಿ ಗದ್ದಲ ನಿಲ್ಲಿಸಿದ. “ಎಸ್ತೆಬೆಸ್, ಇವತ್ತು ನಮ್ಮೆಲ್ಲರ ಕಿವಿ ತೆರೆಸಿದೆ ಕಣಯ್ಯಾ. ಕೇಳ್ರಪ್ಪಾ, ಇನ್ನು ದಿನಾ ಸಾಯಂಕಾಲ ಕತ್ತಲಾಗೋ ತನಕ ಮೇನ್ ಸ್ವಿಚ್ ಆಫ್. ಟೀವಿ ಇಲ್ಲ, ಮಷಿನ್ ಇಲ್ಲ, ಜಗಳ ಇಲ್ಲ. ಸರೀನಾ?”

“ಸರಿ! ಸರಿ!”

ಎಸ್ತೆಬೆಸ್ ಕಿಯಾಕನ್ನು ಎದೆಗವಚಿಕೊಂಡ. “ನಂಗೆ ಇನ್ನೇನೂ ಬೇಡ ಬಾಯ್ಕೆ. ದಿನಾ ಸಾಯಂಕಾಲ ನಾನೂ ಎಜೆನೂ ಇಲ್ಲೇ ಕೂತು ನುಡಿಸ್ತೀವಿ.”

ಜನ ಮುಖ ಮುಖ ನೋಡಿಕೊಂಡರು. ಬಟ್ಟೆ ಒಗೆಯುವಾಕೆ ನೆಲ ನೋಡಿದಳು. ಕೆರಿಂಬೆಕ್ ತಲೆಯ ಕಾಡುಭಾಗವನ್ನು ಕೆರೆದುಕೊಂಡ.

“ನೀನು ನುಡಿಸಿದ್ದು ಚೆನ್ನಾಗೇ ಇತ್ತಪ್ಪಾ, ಇಲ್ಲ ಅನ್ನಲ್ಲ. ಆದ್ರೆ... ನೀನು ನಿಲ್ಲಿಸಿದ್ಮೇಲೆ ಬಂತಲ್ಲ, ಆ ನಿಶ್ಶಬ್ದ, ನಮಗೆಲ್ಲ ಹಿಡಿಸಿದ್ದು ಅದು.”

“ಆಹಾ, ಅದಂತೂ!” ಎಂದರು ಎಲ್ಲರೂ ಒಂದೇ ಉಸಿರಿಗೆ.

“ಅದನ್ನ ಕಾಯೋಕೆ ಒಬ್ಬ ಜವಾಬ್ದಾರಿ ಮನುಷ್ಯ ಬೇಕಲ್ಲಾ? ನಿನಗಿಂತ ಯೋಗ್ಯ ಯಾರಿದ್ದಾರೆ!” ಎಂದು ಕೆರಿಂಬೆಕ್ ತನ್ನ ಕೊರಳಿನ ಬಟ್ಟೆಯನ್ನು ಬಿಚ್ಚಿ, ಕೂದಲು ಕೊಡವಿ, ಶಾಲಿನ ಹಾಗೆ ಎಸ್ತೆಬೆಸನಿಗೆ ಹೊದಿಸಿದ. ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು.

ಅಂದೇ ಸಾಯಂಕಾಲ ಕಾವಲು ಶುರು. ಉತ್ಸವಕ್ಕೆ ಅಭ್ಯಾಸ ಮಾಡೋಣವೆಂದು ಬುರುಲ್ಸುನ್ ಎಜೆ ಉತ್ಸಾಹದಿಂದ ಬಂದು, ಮೆಟ್ಟಿಲ ಮೇಲೆ ಕೂತು, ಮೋರ್ಸಿಂಗನ್ನು ಬಾಯಿಗಿಟ್ಟರು. ಎಸ್ತೆಬೆಸ್ ಅತ್ತ ಇತ್ತ ನೋಡಿದ. ಎಲ್ಲ ಬಾಗಿಲುಗಳ ಸಂದಿನಿಂದಲೂ ಕಣ್ಣುಗಳು ಅವನನ್ನೇ ನೋಡುತ್ತಿದ್ದವು.

ಅವನು ತುಟಿಗೆ ಬೆರಳಿಟ್ಟು, “ಶ್...” ಎಂದ.